ಒಂದನೇ ನಂಬರಿನ ಎಡಗಾಲು

ಬೇರೆ ಅಂಗಡಿಗಳಲ್ಲಿ ಬೂಟಿಗೆ ಕಾಲು ಹೊಂದಿಕೊಳ್ಳಬೇಕು. ಅಕ್ಕ ತಂಗಿಯ ಅಂಗಡಿಯಲ್ಲಿ ಮಾತ್ರ ಕಾಲಿಗೆ ಬೂಟು ಹೊಂದಿಕೊಳ್ಳಬೇಕು. ಒಂದು ಕಾಲು ಗಿಡ್ಡ ಇದ್ದವರು, ಬೆರಳು ಮಡಚಿಕೊಂಡವರು, ಹಿಮ್ಮಡಿ ಹೊರಳಿದವರು, ಯಂತ್ರಕ್ಕೆ ಸಿಕ್ಕಿ ಅರ್ಧ ಪಾದ ಕಳೆದುಕೊಂಡವರು, ಹೀಗೆ ಎಲ್ಲ ಕಡೆ 'ನಿಮ್ಮ ಸೈಜ್ ಇಲ್ಲ' ಅನ್ನಿಸಿಕೊಂಡವರು ಕೊನೆಗೆ ಬಂದು ಸೇರುತ್ತಿದ್ದದ್ದು ಇಲ್ಲಿಗೇ. ಪ್ರತಿಯೊಬ್ಬ ಗಿರಾಕಿಯ ಪಾದಕ್ಕೂ ಒಂದೊಂದು ಮರದ ಅಚ್ಚು ಇತ್ತು. ಆ ಅಚ್ಚಿನ ಮೇಲೆ ಚರ್ಮ ಎಳೆದು ಹೊಲಿದರೆ ಅವರದೇ ಬೂಟು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಇನ್ನೂರ ಆರು ಜೋಡಿ, ಅಂದರೆ ನಾನೂರ ಹನ್ನೆರಡು ಮರದ ಪಾದಗಳು ಬೆರಳು ಮುಂದೆ ಮಾಡಿಕೊಂಡು ಸಾಲಾಗಿ ನಿಂತಿದ್ದವು. ಹೊಸಬರು ಒಳಗೆ ಕಾಲಿಟ್ಟರೆ ಒಂದು ಕ್ಷಣ ಬೆಚ್ಚಿಬೀಳುತ್ತಿದ್ದರು.

ಎಲ್ಲಕ್ಕೂ ತಳದಲ್ಲಿ ನಂಬರು ಸುಟ್ಟು ಬರೆದಿತ್ತು. ಒಂದನೇ ನಂಬರು ತಂಗಿಯದು. ಅವಳ ಎಡಗಾಲು ಹುಟ್ಟಿನಿಂದಲೇ ಒಳಗೆ ಹೊರಳಿದ್ದು. ಅಪ್ಪ ಆಗ ಕುರ್ಚಿ ಮಾಡುವ ಬಡಗಿ. ಮಗಳಿಗೆ ಬೂಟು ಮಾಡಿಕೊಡಿ ಎಂದು ಊರೆಲ್ಲ ಸುತ್ತಿ, ಎಲ್ಲರೂ ಆಗಲ್ಲ ಎಂದು ತಲೆ ಅಲ್ಲಾಡಿಸಿದ ಮೇಲೆ, ಕುರ್ಚಿ ಕಾಲು ಕೆತ್ತುವವನಿಗೆ ಮಗಳ ಕಾಲು ಕೆತ್ತುವುದು ಯಾವ ಮಹಾ ಎಂದು ಕೂತುಬಿಟ್ಟ. ಏಳು ಅಚ್ಚು ಒಲೆಗೆ ಹೋದವು. ಎಂಟನೆಯದು ಕೂಡಿಬಂತು. ಮಗು ಗೋಡೆ ಬಿಟ್ಟು ನಡೆಯಿತು. ಅಲ್ಲಿಂದ ಆತ ಕುರ್ಚಿ ಮಾಡಲೇ ಇಲ್ಲ.

ಕಾಲು ಬೆಳೆದ ಹಾಗೆ ಒಂದನೇ ನಂಬರೂ ಬದಲಾಗುತ್ತ ಬಂತು. ಕೊನೆಯದಾಗಿ ಕೆತ್ತಿದ್ದು ತಂಗಿಗೆ ಇಪ್ಪತ್ತಾದಾಗ. ಅದಾದ ಮೇಲೂ ಅಪ್ಪ ಪ್ರತಿ ವರ್ಷ ಅದನ್ನು ಅಲ್ಲಿ ಅರ ಹಾಕಿ ಉಜ್ಜುವುದು, ಇಲ್ಲಿ ಚರ್ಮದ ತೇಪೆ ಅಂಟಿಸುವುದು ಬಿಟ್ಟಿರಲಿಲ್ಲ. ಮರ ಅಪ್ಪನ ಕೈಯದು, ಚರ್ಮ ಅಕ್ಕನ ಕೈಯದು. ಆರು ವರ್ಷದ ಕೆಳಗೆ ಅಪ್ಪ ಹೋದ ಮೇಲೆ ಹೊಸ ಗಿರಾಕಿ ಬಂದರೆ ಅಕ್ಕ ಇರುವ ಅಚ್ಚನ್ನೇ ಹುಡುಕಿ ತೇಪೆ ಹಾಕಿ ಹೊಂದಿಸುತ್ತಿದ್ದಳೇ ಹೊರತು ಉಳಿ ಮುಟ್ಟಿದವಳಲ್ಲ. ತಂಗಿಯ ಎಡಗಾಲಿಗೆ ಹೊಂದುವಂಥದ್ದು ಮಾತ್ರ ಆ ನಾನೂರ ಹನ್ನೆರಡರಲ್ಲಿ ಅದೊಂದೇ.

ಇನ್ನು ಗೆರೆಯ ವಿಷಯ. ಅಂಗಡಿ ಬಾಗಿಲಿನ ಎಡಗಡೆಯ ಮರದ ಕಂಬದ ಮೇಲೆ ಸೊಂಟದೆತ್ತರಕ್ಕೆ ಒಂದು ಕೆಂಪು ಗೆರೆ ಇತ್ತು. ಅಪ್ಪನ ಹರೆಯದಲ್ಲಿ ಒಮ್ಮೆ ಹೊಳೆ ಉಕ್ಕಿ ಬೀದಿಗೆ ನೀರು ಬಂದಾಗ ಅದು ನಿಂತದ್ದು ಅಲ್ಲಿಗೆ. ಅಪ್ಪ ಬಣ್ಣ ಹಚ್ಚಿ ಗುರುತು ಮಾಡಿ, ಅದಕ್ಕಿಂತ ಒಂದು ಗೇಣು ಮೇಲಿನಿಂದ ಹಲಗೆ ಹೊಡೆದಿದ್ದ. ಅಲ್ಲಿಂದೀಚೆ ಎಷ್ಟೋ ಮಳೆಗಾಲ ಕಳೆದರೂ ನೀರು ಮೊಣಕಾಲೆತ್ತರಕ್ಕೂ ಬಂದಿರಲಿಲ್ಲ. ಅಕ್ಕನಿಗೆ ಆ ಗೆರೆ ಎಂದರೆ ಅಪ್ಪನೇ ಬಾಗಿಲಲ್ಲಿ ನಿಂತ ಹಾಗೆ.

ತಂಗಿ ಮಾತ್ರ ಬೆಳಿಗ್ಗೆ ಎದ್ದು ರೇಡಿಯೋ ಹಚ್ಚಿದರೆ ಹವಾಮಾನದವರು ಬಾಯಿ ಮುಚ್ಚುವ ತನಕ ಚಹಾ ಕುಡಿಯುತ್ತಿರಲಿಲ್ಲ.

"ಅಕ್ಕಾ, ಗಾಳಿ ಬಿಸಿಯಾದಷ್ಟೂ ಜಾಸ್ತಿ ನೀರು ಹೊತ್ಕೊಳ್ಳುತ್ತಂತೆ. ಆಮೇಲೆ ಒಂದೇ ಕಡೆ ಸುರಿದುಬಿಡುತ್ತಂತೆ. ತಿಂಗಳಿಡೀ ಬರೋ ಮಳೆ ಒಂದು ಮಧ್ಯಾಹ್ನದಲ್ಲಿ."

"ಸುರೀಲಿ. ಗೆರೆ ಇದೆಯಲ್ಲ."

"ಗೆರೆ ಆಗಿನ ಮಳೇದು ಕಣೆ. ಅಚ್ಚುಗಳನ್ನ ಮಹಡಿಗೆ ಸಾಗಿಸೋಣ."

"ಸಾಗಿಸು, ಸಾಗಿಸು. ತಗಡಿನ ಸೂರು. ಬೇಸಿಗೇಲಿ ಮೇಲೆ ಕಾಲಿಟ್ರೆ ಬ್ರೆಡ್ಡಿನ ಒಲೆ ಇದ್ದಂಗೆ ಇರುತ್ತೆ. ಒಂದು ವಾರದಲ್ಲಿ ಮರ ಬಿರಿದು ಎಲ್ಲರಿಗೂ ಆರಾರು ಬೆರಳಾಗುತ್ತೆ."

ಅಕ್ಕನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ವರ್ಷದಿಂದ ವರ್ಷಕ್ಕೆ ಬೇಸಿಗೆಯ ಧಗೆ ಏರುತ್ತಿತ್ತು, ಮರಕ್ಕೆ ಕೆಳಗಿನ ತಂಪೇ ಒಳ್ಳೆಯದು. ಮೇಲೆ ಬೆಂಕಿ, ಕೆಳಗೆ ನೀರು, ಎರಡೂ ಒಂದೇ ಬಿಸಿಯ ಮಕ್ಕಳು ಎಂಬುದು ಮಾತ್ರ ಅವಳ ತಲೆಗೆ ಹೋಗಲಿಲ್ಲ. ತಗಡಿಗೆ ಸುಣ್ಣ ಬಳಿದು ಕೆಳಗೊಂದು ಹಲಗೆ ಚಾವಣಿ ಹೊಡೆಸೋಣ ಎಂದು ತಂಗಿ ಮತ್ತೊಮ್ಮೆ ಬಾಯಿ ತೆರೆದಳು. "ನೀನು ರೇಡಿಯೋಗೇ ಹುಟ್ಟಬೇಕಿತ್ತು" ಎಂದು ಅಕ್ಕ ಕಡ್ಡಿ ಮುರಿದ ಹಾಗೆ ಹೇಳಿ ಸೂಜಿಗೆ ದಾರ ಪೋಣಿಸಿದಳು.

ಮಳೆ ಬಂದದ್ದು ಒಂದು ಮಂಗಳವಾರ, ಊಟವಾದ ಮೇಲೆ. ಮೊದಲ ಅರ್ಧ ಗಂಟೆ ಅಕ್ಕ ಸೂಜಿ ಕೆಳಗಿಡಲಿಲ್ಲ. ಆಮೇಲೆ ಎದುರಿನ ಬ್ರೆಡ್ಡಿನವನ ಅಂಗಡಿ ಕಾಣದಾಯಿತು. ಗಂಟೆ ಮೂರಾಗುವಷ್ಟರಲ್ಲಿ ಚರಂಡಿಗಳು ನುಂಗುವುದು ಬಿಟ್ಟು ಉಗುಳತೊಡಗಿದವು. ಹೊಸ್ತಿಲು ದಾಟಿದ ನೀರು ಪಾದ, ಮೀನಖಂಡ, ಮೊಣಕಾಲು ಎಂದು ಅಳತೆ ತೆಗೆದುಕೊಳ್ಳುವವರ ಹಾಗೆ ಮೇಲೇರಿತು. ತಂಗಿ ಮಹಡಿಯ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದಳು. ಅಕ್ಕ ಕಂಬದ ಪಕ್ಕ ನಿಂತು, "ಸುಮ್ನಿರೇ, ಇಲ್ಲಿಗೆ ನಿಲ್ಲುತ್ತೆ ನೋಡ್ತಿರು" ಎಂದು ಗೆರೆಯ ಮೇಲೆ ಬೆರಳಿಟ್ಟು ತೋರಿಸಿದಳು.

ನೀರು ಬೆರಳನ್ನು ಮುಳುಗಿಸಿತು. ಅಪ್ಪನ ಗೆರೆಗೆ ಮರ್ಯಾದೆ ಕೊಡಲಿಕ್ಕಾದರೂ ಅದು ಒಂದು ಕ್ಷಣ ನಿಲ್ಲಲಿಲ್ಲ.

ಆಗ ಅಕ್ಕನಿಗೆ ಜೀವ ಬಾಯಿಗೆ ಬಂತು. ಒಂದನೇ ನಂಬರಿನ ಜಾಗ ಯಾವುದು? ಕೆಳಗಿನ ಹಲಗೆಯ ಮೊದಲ ತುದಿ. ಅವಳು ನೀರು ಸೀಳಿಕೊಂಡು ಹೋಗಿ ಕೈ ಹಾಕಿದಳು. ಬಲಗಾಲು ಆಗಲೇ ತೇಲಿ ಹೋಗಿತ್ತು, ಎಡಗಾಲು ಸಿಕ್ಕಿತು. ಅದನ್ನು ಎದೆಗವಚಿಕೊಂಡು ತಿರುಗುವುದಕ್ಕೂ ಬಾಗಿಲು ಚೌಕಟ್ಟು, ಕಂಬದ ಸಮೇತ ಕಿತ್ತು ಬರುವುದಕ್ಕೂ ಸರಿಹೋಯಿತು. ಬೀದಿಯ ನೀರೆಲ್ಲ ಒಳನುಗ್ಗಿ ಅವಳ ಕಾಲು ನೆಲ ಬಿಟ್ಟಿತು. ಒಂದು ಕೈ ಹಲಗೆಯ ಅಂಚಿನಲ್ಲಿ, ಇನ್ನೊಂದರಲ್ಲಿ ಅಚ್ಚು.

"ಅಕ್ಕಾ! ಕೈ ಕೊಡು!"

ತಂಗಿ ಮೆಟ್ಟಿಲಿಳಿದು ಬಂದಿದ್ದಳು. ಎದೆಮಟ್ಟ ನೀರಿನಲ್ಲಿ ಮೆಟ್ಟಿಲ ಕಟಕಟೆಯನ್ನು ಒಂದು ತೋಳಿನಿಂದ ಬಳಸಿ ಹಿಡಿದು, ಇನ್ನೊಂದು ತೋಳು ಚಾಚಿದ್ದಳು. ಹೊರಳಿದ ಆ ಕಾಲನ್ನು ಊರಿಕೊಂಡು ಹೇಗೆ ನಿಂತಿದ್ದಳೋ ದೇವರಿಗೇ ಗೊತ್ತು.

"ನಿನ್ನ ಕಾಲು ಕಣೇ ಇದು!" ಎಂದು ಅಕ್ಕ ಕಿರುಚಿದಳು.

"ನನ್ನ ಕಾಲು ಇಲ್ಲೇ ಇದೆ! ಅದನ್ನ ಬಿಡು, ಕೈ ಹಿಡ್ಕೋ!"

ಅಕ್ಕ ಅಚ್ಚನ್ನು ಬಿಟ್ಟಳು. ಕೈ ಹಿಡಿದಳು.

ಮಹಡಿಯ ಕಿಟಕಿಯಲ್ಲಿ ಇಬ್ಬರೂ ನೆಂದು ತೊಪ್ಪೆಯಾಗಿ ಕೂತು ನೋಡಿದರು. ಕೆಳಗಿನಿಂದ ಮರದ ಪಾದಗಳು ಒಂದೊಂದಾಗಿ, ಆಮೇಲೆ ಹಿಂಡು ಹಿಂಡಾಗಿ, ಹೇಳದೇ ಕೇಳದೇ ಬೀದಿಗಿಳಿದು ಹೊರಟವು. ಬ್ರೆಡ್ಡಿನವನ ಕಡೆಗೆ ಕೆಲವು, ಶಾಲೆಯ ಕಡೆಗೆ ಕೆಲವು. ಮೂಲೆ ತಿರುಗುವಾಗ ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡವು.

"ನೋಡೇ ಅಕ್ಕ" ಎಂದಳು ತಂಗಿ, ಹಲ್ಲು ಕಟಕಟ ಅನ್ನುತ್ತಿದ್ದರೂ. "ನಡೆಯೋಕಾಗದೇ ಇರೋರ ಕಾಲುಗಳೆಲ್ಲ ಹೇಗೆ ಓಡ್ತಿವೆ!"

ಅಕ್ಕನಿಗೆ ನಗು ಬಂತು. ನಕ್ಕಳು. ನಗು ಎಲ್ಲಿ ಅಳುವಾಯಿತೋ ಅವಳಿಗೂ ತಿಳಿಯಲಿಲ್ಲ. ಆಮೇಲೆ ತಂಗಿಯ ಬೂಟಿನ ಕಡೆ ಕಣ್ಣು ಹೋಯಿತು. ಎಡಗಾಲಿನ ಬೂಟಿನೊಳಗೆ ಎತ್ತರಕ್ಕೆ ಕೂರಿಸಿದ್ದ ಕಾರ್ಕ್ ಊದಿಕೊಂಡು, ತಳದ ಅಟ್ಟೆ ಬಾಯಿ ಬಿಟ್ಟು ಜೋತಿತ್ತು. ಹಳೆಯ ಜೊತೆಗಳೆಲ್ಲ ಕೆಳಗೆ ನೀರುಪಾಲು. ಇದು ಹೋದರೆ ತಂಗಿಗೆ ಬೇರೆ ಇಲ್ಲ, ಹೊಸದು ಹೊಲಿಯಲು ಅಚ್ಚಿಲ್ಲ.

ಎರಡು ದಿನಕ್ಕೆ ನೀರು ಇಳಿಯಿತು. ಬೀದಿಯಲ್ಲಿ ಪ್ರಾಣ ಹೋಗಲಿಲ್ಲ, ಅದೊಂದು ದೊಡ್ಡ ಪುಣ್ಯ. ಉಳಿದದ್ದೆಲ್ಲ ಕೆಸರು. ಗೋಡೆಯ ಮೇಲೆ ನೀರಿನ ಗುರುತು ಅಕ್ಕನ ತಲೆಗಿಂತ ಒಂದು ಗೇಣು ಮೇಲಿತ್ತು. ತಂಗಿ ಮಹಡಿಯಲ್ಲಿ ಬರಿಗಾಲಲ್ಲಿ ಗೋಡೆ ಹಿಡಿದು, ಎರಡು ವರ್ಷದ ಮಗುವಾಗಿದ್ದಾಗ ಹೇಗೋ ಹಾಗೆ, ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ನಡೆದಳು. ಸಂಜೆಯ ಹೊತ್ತಿಗೆ ಕಾಲಿನ ಗಿಣ್ಣು ಊದಿಕೊಳ್ಳುತ್ತಿತ್ತು. 'ನಾನು ಹೇಳಿರಲಿಲ್ವಾ' ಎಂದು ಅವಳು ಒಂದೇ ಒಂದು ಸಲ ಅಂದಿದ್ದರೆ ಅಕ್ಕ ಜಗಳವಾಡಿ ಎದೆ ಹಗುರ ಮಾಡಿಕೊಳ್ಳುತ್ತಿದ್ದಳು. ಪುಣ್ಯಾತ್ಗಿತ್ತಿ ತುಟಿ ಬಿಚ್ಚಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಬ್ರೆಡ್ಡಿನವನು ಬಂದ. ತನ್ನ ಅಂಗಡಿ ತೊಳೆಯುವುದು ಇನ್ನೂ ಅರ್ಧಕ್ಕೇ ನಿಂತಿತ್ತು. ಎರಡು ಕಂಕುಳಲ್ಲೂ ಮರದ ಪಾದಗಳು.

"ಒಲೆಯೊಳಗೆ ಹನ್ನೊಂದು ಸಿಕ್ವು. ಬ್ರೆಡ್ ಅಂತ ಯಾರೂ ತಗೊಂಡು ಹೋಗಲ್ಲ ಬಿಡಿ, ಹಾಗಾಗಿ ಕೊಡೋಣ ಅಂತ ಬಂದೆ."

ಅದಾದ ಮೇಲೆ ಸಾಲು ಹತ್ತಿತು. ಚರಂಡಿ ಇಲಾಖೆಯ ಮೇಸ್ತ್ರಿ ಗೋಣಿಚೀಲ ಹೊತ್ತು ತಂದು ಸುರಿದ. ಮೋರಿಯ ಜಾಲರಿಗೆ ಎಂಬತ್ತು ಪಾದ ಸಿಕ್ಕಿಕೊಂಡಿದ್ದವಂತೆ. "ಮೊದಲನೇ ಹೆಬ್ಬೆರಳು ಕಂಡಾಗ ನನ್ನ ಎದೆ ನಿಂತೇ ಹೋಯ್ತು ತಾಯಿ" ಎಂದ. ಕಸದ ಲಾರಿಯವರು ಕಂಡಲ್ಲೆಲ್ಲ ನಿಲ್ಲಿಸಿ ಹೆಕ್ಕಿದರು. ಗುರುತು ಪರಿಚಯವಿಲ್ಲದ ಮನೆಗಳವರು ತಮ್ಮ ತೊಳೆದ ಪಾತ್ರೆಯ ಪಕ್ಕ ಇದನ್ನೂ ತೊಳೆದು ಕಿಟಕಿಯ ಮೇಲಿಟ್ಟರು. ಸಂಜೆ ಅಕ್ಕ ಚೀಲ ಹಿಡಿದು ಹೊರಟರೆ ಬೀದಿ ಬೀದಿಯ ಕಿಟಕಿಗಳಲ್ಲಿ ಒಂದೊಂದು ಪಾದ ಅವಳ ದಾರಿ ಕಾಯುತ್ತಿತ್ತು. ಗೋಡೆ ಬಿದ್ದವರು, ಹಾಸಿಗೆ ಕಳೆದುಕೊಂಡವರು ಇನ್ನೊಬ್ಬರ ಮರದ ಕಾಲನ್ನು ಜೋಪಾನ ಮಾಡಿ ಇಟ್ಟಿದ್ದರು. ಅಕ್ಕ ಮಾತಿನಲ್ಲಿ ಬಲು ಜೋರು, ಆದರೆ ಆ ವಾರ ಅವಳ ಬಾಯಲ್ಲಿ ಬಂದದ್ದು ಒಂದೇ ಮಾತು. "ನಿಮ್ಮ ಹೊಟ್ಟೆ ತಣ್ಣಗಿರಲಿ." ಒಂದೊಂದು ಕಿಟಕಿಗೂ ನಿಂತು ಹೇಳಿದಳು.

ಗಿರಾಕಿಗಳೂ ಬಂದರು. ತಮ್ಮ ಕಾಲನ್ನು ಮೂರನೆಯವರಿಗೆ ತೋರಿಸಲು ನಾಚುತ್ತಿದ್ದ ಜನ ಅಂಗಡಿಯ ಹಸಿ ನೆಲದ ಮೇಲೆ ಸುತ್ತ ಕೂತು ಕೆಸರು ಒರೆಸಿ ಜೋಡಿ ಹುಡುಕಿದರು. ನಂಬರು ನೋಡುವ ಅಗತ್ಯವೇ ಬೀಳಲಿಲ್ಲ.

"ಅಯ್ಯೋ, ಈ ವಕ್ರ ನನ್ನದೇ!" ಎಂದಳು ಬಸ್ ಕಂಡಕ್ಟರಮ್ಮ. ಅವಳ ಬಲ ಪಾದದ ಮುಂಭಾಗ ಅಪಘಾತದಲ್ಲಿ ಸೊಟ್ಟಗಾಗಿತ್ತು.

"ಅಷ್ಟು ಚಂದದ ವಕ್ರ ನಿಮ್ಮದು ಹೇಗಾಗುತ್ತೆ? ಇಲ್ಲಿ ಕೊಡಿ" ಎಂದು ನಿವೃತ್ತ ಲೆಕ್ಕದ ಮೇಷ್ಟ್ರು ಕಿತ್ತುಕೊಂಡು ನೋಡಿ, ಸೋತು ವಾಪಸು ಕೊಟ್ಟರು. ಬೀದಿಯ ಕೊನೆಯಲ್ಲಿದ್ದ ಬಡಗಿ ಗರಗಸದ ಹೊಟ್ಟು ಚೀಲಗಟ್ಟಲೆ ತಂದ. ನೆಂದ ಅಚ್ಚುಗಳನ್ನು ಅದರಲ್ಲಿ ಹೂತು ನೆರಳಿನಲ್ಲಿ ನಿಧಾನವಾಗಿ ಒಣಗಿಸಿದರು.

ಹದಿನೈದು ದಿನಕ್ಕೆ ಮುನ್ನೂರ ತೊಂಬತ್ತು ಬಂದಿದ್ದವು. ಒಂದನೇ ನಂಬರಿನ ಬಲಗಾಲು ಬಂತು. ಎಡಗಾಲು ಬರಲಿಲ್ಲ. ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೊಳೆಯ ದಂಡೆಯವರೆಗೂ ಹುಡುಕಿದಳು. ಅಂದು ಸಂಜೆ ಮೇಸ್ತ್ರಿ ಅವಳ ಪಕ್ಕ ಕೂತು ತನ್ನ ಬೂಟಿನ ಕೆಸರು ಕೆರೆಯುತ್ತ ಹೇಳಿದ.

"ನಮ್ಮ ಚರಂಡಿಗಳ ಅಳತೆ ನಿಮ್ಮಪ್ಪನ ಕಾಲದ ಮಳೇದಮ್ಮ. ಈಗ ಬೀಳ್ತಿರೋದು ಆ ಮಳೆ ಅಲ್ಲ."

ರೇಡಿಯೋ ಎರಡು ವರ್ಷದಿಂದ ಹೇಳಿದರೂ ಅಕ್ಕನ ತಲೆಗೆ ಹತ್ತದ್ದು ಆಗ ಹತ್ತಿತು. ಬೆಳೆಯುವ ಕಾಲಿಗೆ ಹೋದ ವರ್ಷದ ಬೂಟು ತೊಡಿಸಿದರೆ ಏನಾಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಊರಲ್ಲಿ ಯಾರಿದ್ದರು? ತಂಗಿಯ ಅಚ್ಚನ್ನು ಅಪ್ಪ ವರ್ಷ ವರ್ಷವೂ ತಿದ್ದಿದ. ಗೆರೆಯನ್ನು ಮಾತ್ರ ಯಾರೂ ತಿದ್ದಿರಲಿಲ್ಲ. ತಿದ್ದಬೇಕಾದವಳು ತಾನಾಗಿದ್ದಳು.

"ಒಂದನೇ ನಂಬರನ್ನ ನಾನು ಕೆತ್ತುತ್ತೀನಿ" ಎಂದು ಅಕ್ಕ ಮರುದಿನ ಎಲ್ಲರ ಮುಂದೆ ಅಂದಳು. ಅಂದ ಮೇಲೆ ಹೆದರಿದಳು.

"ಮರ ಎಲ್ಲಿದೆ? ಅಚ್ಚಿನ ಮರ ಎರಡು ವರ್ಷವಾದ್ರೂ ಒಣಗಬೇಕು" ಎಂದ ಬಡಗಿ. "ಇಲ್ಲದಿದ್ರೆ ಕೆತ್ತಿದ ತಿಂಗಳಿಗೇ ಸೊಟ್ಟಗಾಗುತ್ತೆ. ನನ್ನ ದಾಸ್ತಾನೆಲ್ಲ ಹೊಳೆಗೆ ಹೋಯ್ತು."

ಆಗ ಬ್ರೆಡ್ಡಿನವನು, "ನಿಮ್ಮ ಬಾಗಿಲ ಕಂಬ ಇನ್ನೂ ನನ್ನ ಕಿಟಕಿಗೆ ಅಡ್ಡ ಬಿದ್ದಿದೆಯಲ್ಲ, ಅದನ್ನ ಯಾವಾಗ ತೆಗೀತೀರಿ?" ಎಂದ.

ಎಲ್ಲರೂ ಎದ್ದು ಹೋಗಿ ನೋಡಿದರು. ಬಡಗಿ ಕಂಬದ ತುದಿಯನ್ನು ಕೊಯ್ದು, ಒಳಗಿನ ತಿರುಳಿಗೆ ಹೆಬ್ಬೆರಳು ಒತ್ತಿದ. "ಮೇಲೆ ತುಸು ನೆಂದಿದೆ, ಆರಿಹೋಗುತ್ತೆ. ಒಳಗೆ ಖಣಖಣ ಅನ್ನುತ್ತೆ. ಐವತ್ತು ವರ್ಷ ಒಣಗಿದ ಮರ ಇದು." ಹೇಳಿ ಕಂಬದ ಉದ್ದಕ್ಕೂ ತಟ್ಟಿ ನೋಡಿದ. ಗಟ್ಟಿ ಇದ್ದ ಭಾಗ ಸರಿಯಾಗಿ ಸೊಂಟದೆತ್ತರದ್ದು. ನಡುವೆ ಕೆಂಪು ಗೆರೆ.

ಅಕ್ಕ ಆ ಗೆರೆಯ ಮೇಲೆ ಕೈಯಿಟ್ಟಳು. "ಕೊಯ್ಯಿ" ಎಂದಳು.

ಕೊಯ್ದದ್ದಾಯಿತು, ಮುಂದೇನು? ಅಪ್ಪ ಯಾವ ಗುಟ್ಟನ್ನೂ ಬರೆದಿಟ್ಟವನಲ್ಲ. ಅಕ್ಕ ಚರ್ಮದ ಕಡೆ ನೋಡುತ್ತ ಕೂತಿದ್ದ ಅಷ್ಟು ವರ್ಷ ಅಪ್ಪನ ಕೈ ನೋಡಿದವರು ಯಾರು? ಎದುರಿಗೆ ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದ ಗಿರಾಕಿಗಳು. ಒಬ್ಬೊಬ್ಬರೂ ತಮ್ಮ ಕಾಲು ಮರವಾಗುವುದನ್ನು ಗಂಟೆಗಟ್ಟಲೆ ನೋಡಿದವರು.

"ಮೊದಲು ಒದ್ದೆ ಮರಳಿನ ಮೇಲೆ ನಡೆಸ್ತಿದ್ರು. ಎಲ್ಲಿ ಆಳ ಬೀಳುತ್ತೆ ಅಂತ ಬೆರಳಿಟ್ಟು ನೋಡ್ತಿದ್ರು" ಎಂದಳು ಕಂಡಕ್ಟರಮ್ಮ.

"ಹಿಮ್ಮಡಿಯಿಂದಲೇ ಶುರು ಮಾಡ್ತಿದ್ದದ್ದು. ಬೆರಳಿನ ಕಡೆ ಕೊನೇಗೆ" ಎಂದರು ಮೇಷ್ಟ್ರು. "ಹಿಂದೆ ಅರ್ಧ ಬೆರಳು ಜಾಸ್ತಿ ಬಿಡೋರು. ಕೇಳಿದ್ದಕ್ಕೆ, ತೆಗೆಯೋದು ಯಾವಾಗ ಬೇಕಾದ್ರೂ ಆಗುತ್ತೆ ಮೇಷ್ಟ್ರೇ, ಹಾಕೋಕಾಗಲ್ಲ ಅಂದಿದ್ರು."

"ಸಂಜೆ ಹೊತ್ತಲ್ಲಿ ಅಳತೆ ತಗೋತಿದ್ರು, ಕಾಲು ಊದಿರುತ್ತೆ ಅಂತ" ಎಂದರು ಮತ್ತೊಬ್ಬರು.

ಎರಡು ವಾರ ಅಂಗಡಿ ಪಾಠಶಾಲೆಯಾಯಿತು. ಐವತ್ತೈದರ ಅಕ್ಕನಿಗೆ ಊರೆಲ್ಲ ಗುರುಗಳು. ಬಡಗಿ ಉಳಿ ಹಿಡಿಯಲು ಕಲಿಸಿದ. ಎರಡು ತುಂಡು ಹಾಳಾದವು, ಉಳಿದದ್ದು ಒಂದೇ, ಗೆರೆ ಇದ್ದ ತುಂಡು. ಅದನ್ನು ಹಿಡಿಯುವ ಮೊದಲು ಅಕ್ಕ ಮಹಡಿ ಹತ್ತಿ ತಂಗಿಯ ಎದುರು ನೆಲದ ಮೇಲೆ ಕೂತು, ಆ ಎಡಗಾಲನ್ನು ತೊಡೆಯ ಮೇಲೆ ತೆಗೆದುಕೊಂಡಳು. ಇಷ್ಟು ವರ್ಷ ಅದಕ್ಕೆ ಬೂಟು ಹೊಲಿದಿದ್ದಳು, ಕಾಲನ್ನು ಹೀಗೆ ಹಿಡಿದಿರಲಿಲ್ಲ. ಅದು ಅಪ್ಪನ ಕೆಲಸವಾಗಿತ್ತು. ಬೆಚ್ಚಗಿತ್ತು. ನೀರಿನಲ್ಲಿ ಊರಿ ನಿಂತು ತನ್ನನ್ನು ಎಳೆದುಕೊಂಡ ಕಾಲು.

"ನೀನು ಹೇಳಿದ್ದೇ ಸರಿ ಇತ್ತು ಕಣೆ. ನಾನು ಕೇಳಲಿಲ್ಲ" ಎಂದಳು ಅಕ್ಕ, ಕಾಲಿಗೇ ಹೇಳುವ ಹಾಗೆ ತಲೆ ತಗ್ಗಿಸಿ. "ಆದ್ರೂ ನೀನು ಇಳಿದು ಬಂದೆ."

"ನೀನಿಲ್ಲದೆ ಬೂಟು ಹೊಲಿಯೋರು ಯಾರು? ನನ್ನ ಸ್ವಾರ್ಥ ನನಗೆ" ಎಂದಳು ತಂಗಿ. ಆದರೆ ಅಕ್ಕನ ತಲೆಯ ಮೇಲೆ ಕೈಯಿಟ್ಟಳು.

ಹೊಸ ಅಚ್ಚಿನ ಮೇಲೆ ಹೊಲಿದ ಬೂಟು ತಯಾರಾದ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಂಗಿಯನ್ನು ಬಡಗಿಯೂ ಬ್ರೆಡ್ಡಿನವನೂ ಕುರ್ಚಿ ಸಮೇತ ಕೆಳಗಿಳಿಸಿದ್ದರು. ಅಕ್ಕ ಲೇಸು ಕಟ್ಟಿದಳು. ಬಿಚ್ಚಿ ಇನ್ನೊಮ್ಮೆ ಬಿಗಿಯಾಗಿ ಕಟ್ಟಿದಳು. ತಂಗಿ ಎದ್ದಳು. ಗೋಡೆ ಹಿಡಿದು ನಿಂತಳು, ಆಮೇಲೆ ಗೋಡೆ ಬಿಟ್ಟಳು. ಬಾಗಿಲ ತನಕ ಹೋಗಿ ತಿರುಗಿ ಬಂದಳು.

"ಹೇಗಿದೆ?"

"ಹೆಬ್ಬೆರಳ ಹತ್ರ ಒತ್ತುತ್ತೆ."

ಅಕ್ಕನ ಮುಖ ಸಪ್ಪಗಾಯಿತು.

"ಅಪ್ಪನ ಕೊನೇ ಅಚ್ಚೂ ಅಲ್ಲೇ ಒತ್ತುತ್ತಿತ್ತು. ಆರು ತಿಂಗಳು ಅಪ್ಪನಿಗೆ ಹೇಳಿರಲಿಲ್ಲ" ಎಂದು ತಂಗಿ ನಕ್ಕಳು. "ನಿನಗಾದ್ರೆ ಈಗಲೇ ಹೇಳ್ತೀನಿ. ತಿದ್ದು."

ತಿದ್ದಿದಳು. ಅಚ್ಚಿನ ಹೆಬ್ಬೆರಳ ಕಡೆ ಮೂರು ಸಲ ತೇಪೆ ಅಂಟಿಸಿ ಚರ್ಮ ಎಳೆದ ಮೇಲೆ ಒತ್ತುವುದು ನಿಂತಿತು.

ಅಷ್ಟರಲ್ಲಿ ಗಿರಾಕಿಗಳು ಮಹಡಿಯ ತಗಡಿಗೆ ಸುಣ್ಣ ಬಳಿದಿದ್ದರು. ಬಡಗಿ ಒಳಗೆ ಹಲಗೆ ಚಾವಣಿ ಹೊಡೆದು ಮುಗಿಸಿದ್ದ. ಮಧ್ಯಾಹ್ನದ ಬಿಸಿಲಲ್ಲೂ ಅಲ್ಲಿ ಕೂರಬಹುದಾಗಿತ್ತು. ಅಚ್ಚುಗಳೆಲ್ಲ ಮೇಲೆ ಹೋದವು. ಒಂದನೇ ನಂಬರಿನ ಹೊಸ ಎಡಗಾಲನ್ನು ತಂಗಿ ತಾನೇ ಹೊತ್ತು ಹತ್ತೊಂಬತ್ತು ಮೆಟ್ಟಿಲು ಹತ್ತಿದಳು. ಅಚ್ಚಿನ ಮೇಲ್ಭಾಗದಲ್ಲಿ, ಅರ ತಾಗದ ಕಡೆ, ಹೆಬ್ಬೆರಳಗಲದ ಕೆಂಪು ಉಳಿದಿತ್ತು. ಹಳೆಯದು ಇವತ್ತಿಗೂ ಬಂದಿಲ್ಲ.

"ಕೆಳಗೆ ಹೊಸ ಕಂಬ ನಿಲ್ಲಿಸಿದಾರೆ" ಎಂದಳು ಅಕ್ಕ. "ಗೆರೆ ಎಲ್ಲಿಗೆ ಹಾಕೋಣ? ನೀನೇ ಹೇಳು. ಈ ಸಲದ ನೀರಿಗಿಂತ ಎರಡು ಗೇಣು ಮೇಲೆ?"

"ಗೆರೆ ಬೇಡ ಅಕ್ಕ. ಹಾಕಿದ್ರೆ ನೀನು ಅದನ್ನ ನಂಬ್ಕೊಂಡು ಕೂತ್ಬಿಡ್ತೀಯ."

ಅಕ್ಕ ಕೈಲಿದ್ದ ಕೆಂಪು ಬಣ್ಣದ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು.

ಮುಂದಿನ ಮಳೆಗಾಲದ ಒಂದು ಮಧ್ಯಾಹ್ನ ಮೋಡ ಕವಿಯಿತು. ಅಕ್ಕ ಅರ್ಧ ಅಟ್ಟೆ ಹೊಲಿದಿದ್ದಳು. ರೇಡಿಯೋದ ಪಕ್ಕ ಕೂತ ತಂಗಿ ತಲೆಯೆತ್ತಿ, "ಅಕ್ಕಾ, ಮೇಲೆ" ಎಂದಳು, ಅಷ್ಟೇ. ಅಕ್ಕ ಸೂಜಿಯನ್ನು ಚರ್ಮದಲ್ಲೇ ಬಿಟ್ಟು ಎದ್ದಳು. ಬಾಗಿಲಿಗೆ ಹೋಗಿ ಬ್ರೆಡ್ಡಿನವನನ್ನೂ ಅವನ ಹೆಂಡತಿಯನ್ನೂ ಕೂಗಿ ಕರೆದಳು. ನಾಲ್ವರೂ ಚಹಾದ ಕೆಟಲು ಹಿಡಿದುಕೊಂಡು ಮಹಡಿ ಹತ್ತಿದರು. ತಂಗಿ ಮುಂದೆ, ಅಕ್ಕ ಹಿಂದೆ. ಮೆಟ್ಟಿಲ ನಡುವೆ ತಂಗಿ ತಿರುಗಿ ನೋಡದೆಯೇ ಕೈ ಹಿಂದಕ್ಕೆ ಚಾಚಿದಳು.

ಅಂದು ನೀರು ಹೊಸ್ತಿಲನ್ನೂ ದಾಟಲಿಲ್ಲ. ಸುಮ್ಮನೆ ಹತ್ತಿಸಿದೆಯಲ್ಲೇ ಎಂದು ಅಕ್ಕ ಗೊಣಗಲಿಲ್ಲ. ಅವಳು ಆ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.